ಎಣ್ಣೆ ಬಣ್ಣದಲ್ಲಿ ಮುಖ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಕಡೆಯವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಉಂಟು, ಬಣ್ಣ ಹಿಡಿಯುವುದು ಭಾನುವಾರ ಮತ್ತು ನಿದ್ದೆ ಬಾರದ ರಾತ್ರಿ. ನಮ್ಮ ಚಾವಡಿಯಲ್ಲಿ ಅಜ್ಜಿಯದೊಂದು ಚಿತ್ರ ತೂಗುಹಾಕಿದ್ದೇನೆ. ಅದನ್ನು ನೋಡಿದವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೇ ಟೈಪ್ ಮಾಡಿ ಬೆರಳು ಸೋತಿದೆ, ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕ್ರಮ ಹುಡುಕಬೇಡಿ, ಬೇಕಾದ ಪ್ರಶ್ನೆಗೆ ನೇರ ಹೋಗಿ.

ನನಗೆ ಡ್ರಾಯಿಂಗ್ ಸರಿಯಾಗಿ ಬರುವುದಿಲ್ಲ. ಆಯಿಲಿಗೆ ಇಳಿಯಬಹುದಾ?

ಇಳಿಯಿರಿ. ಆದರೆ ಅಳೆಯಲು ಕಲಿಯಿರಿ. ಬ್ರಷ್ಷಿನ ಹಿಡಿಯನ್ನು ಕೈ ಪೂರ್ತಿ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅಳತೆ ಗುರುತಿಸುವುದು ಹಳೆಯ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದು ಇಲ್ಲ.

ಎಲ್ಲರೂ ಮಾಡುವ ತಪ್ಪು ಒಂದುಂಟು. ಕಣ್ಣನ್ನು ತುಂಬ ಮೇಲೆ ಇಡುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಇರುವುದು ಸರಿಸುಮಾರು ಅರ್ಧದಲ್ಲಿ. ನಂಬಿಕೆ ಬಾರದಿದ್ದರೆ ಈಗಲೇ ಕನ್ನಡಿ ಎದುರು ಸ್ಕೇಲ್ ಹಿಡಿದು ನೋಡಿ. ನಮ್ಮ ಗಮನ ಪೂರ್ತಿ ಕಣ್ಣು, ಮೂಗು, ಬಾಯಿಯಲ್ಲೇ ಇರುತ್ತದೆ ಅಲ್ವಾ, ಹಾಗಾಗಿ ಹಣೆ ಮತ್ತು ತಲೆ ಕೈಯಲ್ಲಿ ಚಿಕ್ಕದಾಗಿಬಿಡುತ್ತದೆ. ಎದುರಿನಿಂದ ನೋಡಿದರೆ ತಲೆಯ ಅಗಲ ಸುಮಾರು ಐದು ಕಣ್ಣಿನಷ್ಟು. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ಇವೆಲ್ಲ ಸರಾಸರಿ ಲೆಕ್ಕ. ನಿಮ್ಮ ಎದುರು ಕೂತವರು ಇದಕ್ಕಿಂತ ಎಲ್ಲಿ ಬೇರೆಯೋ ಅಲ್ಲೇ ಅವರ ಗುರುತು ಇರುತ್ತದೆ.

ಏನೇನು ತಗೊಳ್ಳಬೇಕು?

ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ಬೇಡ. ಅದರಲ್ಲಿ ಹದಿನೆಂಟು ಟ್ಯೂಬ್ ಕಪಾಟಿನಲ್ಲೇ ಗಟ್ಟಿಯಾಗುತ್ತವೆ. ಆರು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಬರ್ನ್ಟ್ ಅಂಬರ್ (ಕಡು ಕಂದು), ಕ್ಯಾಡ್ಮಿಯಂ ರೆಡ್, ಅಲ್ಟ್ರಾಮರೀನ್ ಬ್ಲೂ. ಬಿಳಿಯದ್ದು ಮಾತ್ರ ದೊಡ್ಡ ಟ್ಯೂಬ್ ತಗೊಳ್ಳಿ, ಅದು ನೀರಿನ ಹಾಗೆ ಖರ್ಚಾಗುತ್ತದೆ.

ಕ್ಯಾಮೆಲ್ ಕಂಪನಿಯ ಬಣ್ಣ ಕಲಿಯಲು ಧಾರಾಳ ಸಾಕು. ಕೈ ಸ್ವಲ್ಪ ಬಿಗಿ ಇಲ್ಲದವರು ವಿನ್ಸರ್ ಅಂಡ್ ನ್ಯೂಟನ್‌ನ ವಿಂಟನ್ ನೋಡಬಹುದು. ಟ್ಯೂಬಿನ ಮೇಲೆ 'ಹ್ಯೂ' ಅಂತ ಇದ್ದರೆ ಅದು ಅಸಲು ಬಣ್ಣದ ಪುಡಿ (ಪಿಗ್ಮೆಂಟ್) ಅಲ್ಲ, ಅದೇ ಬಣ್ಣ ಬರುವ ಹಾಗೆ ಅಗ್ಗದ ಪುಡಿಗಳಿಂದ ಮಾಡಿದ್ದು. ಕಲಿಯುವವರಿಗೆ ಪರವಾಗಿಲ್ಲ. ಆದರೆ ಎರಡು ಕಂಪನಿಯ ಒಂದೇ ಹೆಸರಿನ ಬಣ್ಣ ಬೇರೆ ಬೇರೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಹಿಂದೆ ಸಣ್ಣ ಅಕ್ಷರದ ಪಿಗ್ಮೆಂಟ್ ನಂಬರ್ ಓದಿ. ಅಸಲು ಅಲ್ಟ್ರಾಮರೀನ್ ಪಿಬಿ 29, ಅಸಲು ಕ್ಯಾಡ್ಮಿಯಂ ರೆಡ್ ಪಿಆರ್ 108.

ಬ್ರಷ್ ನಾಲ್ಕು ಸಾಕು: ಹಂದಿ ಕೂದಲಿನ ಫಿಲ್ಬರ್ಟ್ (ತುದಿ ದುಂಡಗಿನ ಚಪ್ಪಟೆ ಬ್ರಷ್) ಎರಡು ದೊಡ್ಡದು, ಸಿಂಥೆಟಿಕ್ ಮೆತ್ತಗಿನದು ಒಂದು, ಕೊನೆಗೆ ಕಣ್ಣಿಗೆ ಅಂತ ಒಂದು ಸಣ್ಣದು. ಸಣ್ಣದನ್ನು ಮೊದಲ ದಿನ ಯಾರಾದರೂ ಅಡಗಿಸಿಟ್ಟರೆ ಒಳ್ಳೆಯದು. ಅದು ಕೈಗೆ ಸಿಕ್ಕಿದರೆ ರೆಪ್ಪೆಯ ಕೂದಲು ಎಣಿಸಲು ಶುರು ಮಾಡುತ್ತೀರಿ. ಬಣ್ಣ ಕಲಸುವ ಪ್ಯಾಲೆಟಿಗೆ ಹಳೆಯ ಕಿಟಕಿಯ ಗಾಜು, ಕೆಳಗೆ ಬೂದು ಕಾಗದ ಅಂಟಿಸಿದರೆ ಆಯಿತು. ಅಭ್ಯಾಸಕ್ಕೆ ಗೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ) ಹಚ್ಚಿದ ಹಾರ್ಡ್‌ಬೋರ್ಡ್ ತುಂಡುಗಳು ಕ್ಯಾನ್ವಾಸಿಗಿಂತ ಎಷ್ಟೋ ಅಗ್ಗ. ಬರೀ ಕಾಗದದ ಮೇಲೆ ಆಯಿಲ್ ಹಚ್ಚಬೇಡಿ, ಎಣ್ಣೆ ಹೀರಿದ ಕಾಗದ ಕೆಲವು ವರ್ಷದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ.

ಇಷ್ಟು ಕಡಿಮೆ ಬಣ್ಣದಲ್ಲಿ ಮುಖ ಬರುತ್ತದಾ?

ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ (1860–1920) ಹೆಸರಿನಲ್ಲಿ ಈಗಲೂ ಕಲಿಸುವ ಪ್ಯಾಲೆಟ್‌ನಲ್ಲಿ ಇರುವುದು ನಾಲ್ಕೇ: ಓಕರ್, ಕೆಂಪು, ಕಪ್ಪು, ಬಿಳಿ. ನೀಲಿ ಇಲ್ಲವೇ ಇಲ್ಲ. ಕಪ್ಪಿಗೆ ಬಿಳಿ ಸೇರಿಸಿದ ಬೂದು, ಪಕ್ಕದಲ್ಲಿ ಕೆಂಪು ಹಳದಿ ಇದ್ದಾಗ ನೀಲಿಯ ಹಾಗೆ ಕಾಣುತ್ತದೆ. ಒಮ್ಮೆ ಮಾಡಿ ನೋಡಿ, ಕಣ್ಣು ಎಷ್ಟು ಸುಲಭವಾಗಿ ಮೋಸ ಹೋಗುತ್ತದೆ ಅಂತ ಗೊತ್ತಾಗುತ್ತದೆ.

ಚರ್ಮದ ಬಣ್ಣ ಹೇಗೆ ಮಾಡುವುದು? 'ಸ್ಕಿನ್ ಕಲರ್' ಟ್ಯೂಬ್ ತಗೊಂಡರೆ ಆಗುವುದಿಲ್ಲವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆ ಟ್ಯೂಬಿನ ಬಣ್ಣದ ಮನುಷ್ಯರನ್ನು ನಾನು ಮಲ್ಪೆಯಿಂದ ತಲಪಾಡಿಯವರೆಗೆ ಎಲ್ಲೂ ನೋಡಿಲ್ಲ.

ಯೂಟ್ಯೂಬಿನ ಪಾಠಗಳಲ್ಲಿ ಹೆಚ್ಚಿನವು ಬೆಳ್ಳಗಿನ ಯುರೋಪಿನ ಮುಖಕ್ಕೆ ಮಾಡಿದ್ದು. ಬಿಳಿಯಿಂದ ಶುರು ಮಾಡಿ ಒಂದು ಚೂರು ಕೆಂಪು, ಒಂದು ಚೂರು ಹಳದಿ ಹಾಕು ಅನ್ನುತ್ತಾರೆ. ನಮ್ಮ ಮುಖಕ್ಕೆ ಅದೇ ಕ್ರಮ ಹಿಡಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಆಗುತ್ತದೆ. ನಾವು ಕಂದಿನಿಂದ ಶುರು ಮಾಡಬೇಕು. ಬರ್ನ್ಟ್ ಸಿಯೆನ್ನಾ ಮತ್ತು ಓಕರ್ ಸಮ ಸಮ, ಅದನ್ನು ತಣಿಸಲು ಅಲ್ಟ್ರಾಮರೀನ್ ಒಂದು ಕಡ್ಡಿ ತುದಿಯಷ್ಟು. ಇದು ನಡುವಿನ ಬಣ್ಣ. ಬಿಸಿಲಿನಲ್ಲಿ ದುಡಿದ ಮುಖಕ್ಕೆ ಅಂಬರ್ ಜಾಸ್ತಿ, ಬಿಳುಪು ಮುಖಕ್ಕೆ ಬಿಳಿ ಮತ್ತು ಓಕರ್ ಜಾಸ್ತಿ. ನೆರಳಿಗೆ ಅಂಬರ್, ಅಲ್ಟ್ರಾಮರೀನ್, ಜೊತೆಗೆ ಸ್ವಲ್ಪ ಕೆಂಪು. ನೆರಳಿಗೆ ಬಿಳಿ ಹಾಕಲೇಬೇಡಿ, ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ.

ಇನ್ನೊಂದು, ಕಪ್ಪು ಮುಖದ ಮೇಲೆ ಹೊಳಪು ಹೆಚ್ಚು ಎದ್ದು ಕಾಣುತ್ತದೆ. ಆ ಹೊಳಪು ಚರ್ಮದ ಬಣ್ಣ ಅಲ್ಲ, ಎದುರಿನ ಆಕಾಶ ಅಥವಾ ಟ್ಯೂಬ್‌ಲೈಟಿನ ಬಣ್ಣ. ಹಣೆಯ ಮೇಲಿನ ಹೊಳಪು ಕಿಟಕಿ ಬೆಳಕಿನಲ್ಲಿ ತಣ್ಣಗೆ ನೀಲಿ ಬೂದಾಗಿ ಇರುತ್ತದೆ, ನಾವು ಹಳದಿ ಬಿಳಿ ಹಾಕಿ ಕೆಡಿಸುತ್ತೇವೆ.

ಮುಖದ ತುಂಬ ಒಂದೇ ಬಣ್ಣ ಇರುವುದಿಲ್ಲ ಅನ್ನುವುದನ್ನೂ ಗಮನಿಸಿ. ಹಣೆ ಸ್ವಲ್ಪ ಹಳದಿ ಕಡೆಗೆ, ಮೂಗು, ಕೆನ್ನೆ, ಕಿವಿ ಕೆಂಪು ಕಡೆಗೆ, ಗಂಡಸರ ಗಡ್ಡದ ಜಾಗ ಕ್ಷೌರ ಮಾಡಿದ್ದರೂ ಹಸಿರು ಬೂದು ಕಡೆಗೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಕೇಳಿ: ಬಣ್ಣ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಕಪ್ಪು ಬಿಳುಪಿನ ಮಟ್ಟ ತಪ್ಪಿದರೆ ನಡೆಯುವುದಿಲ್ಲ. ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಆಗಲೂ ಮುಖ ಮುಖದ ಹಾಗೆ ಕಂಡರೆ ಬಣ್ಣದ ಚಿಂತೆ ಬಿಡಿ.

ಲಿನ್ಸೀಡ್ ಎಣ್ಣೆ ಬದಲು ತೆಂಗಿನೆಣ್ಣೆ ಹಾಕಬಹುದಾ? ಮನೆಯಲ್ಲಿ ಬೇಕಾದಷ್ಟು ಉಂಟು.

ನಾನು ಹಾಕಿ ನೋಡಿದವನೇ. ದೊಡ್ಡಮ್ಮನ ಚಿತ್ರ. ದೀಪಾವಳಿ ಹೊತ್ತಿಗೆ ಶುರು ಮಾಡಿದ್ದು, ಯುಗಾದಿಗೂ ಒಣಗಿರಲಿಲ್ಲ. ಕೊನೆಗೆ ಅದರ ಮೇಲೆ ಧೂಳು ಕೂತು ದೊಡ್ಡಮ್ಮನಿಗೆ ಮೀಸೆ ಬಂತು.

ಕಾರಣ ಸರಳ. ಆಯಿಲ್ ಬಣ್ಣ ನೀರಿನ ಹಾಗೆ ಆರಿ ಹೋಗುವುದಿಲ್ಲ. ಅಗಸೆ ಎಣ್ಣೆ, ಅಂದರೆ ಈ ಲಿನ್ಸೀಡ್, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪದರ ಆಗುತ್ತದೆ. ತೆಂಗಿನೆಣ್ಣೆಗೆ ಆ ಗುಣ ಇಲ್ಲ. ಎಷ್ಟು ವರ್ಷ ಇಟ್ಟರೂ ಎಣ್ಣೆ ಎಣ್ಣೆಯೇ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಅರದಾಳ (ಹಳದಿ ಪುಡಿ), ಇಂಗಳೀಕವನ್ನು (ಕೆಂಪು ಪುಡಿ) ತೆಂಗಿನೆಣ್ಣೆಯಲ್ಲಿ ಕಲಸುವುದು ಇದೇ ಗುಣಕ್ಕೆ. ರಾತ್ರಿಯಿಡೀ ಮುಖದ ಮೇಲೆ ಒಣಗಿ ಬಿರಿಯಬಾರದು, ಬೆಳಿಗ್ಗೆ ಒರೆಸಿದರೆ ಹೋಗಬೇಕು. ನಮಗೆ ಬೇಕಾದದ್ದು ಅದರ ಪೂರ್ತಿ ಉಲ್ಟಾ. ಎಳ್ಳೆಣ್ಣೆ, ಕಡ್ಲೆಕಾಯಿ ಎಣ್ಣೆಯೂ ಬೇಡ.

ಹಾಗಂತ ತೆಂಗಿನೆಣ್ಣೆ ದಂಡ ಅಲ್ಲ. ಕೈಗೆ ಅಂಟಿದ ಬಣ್ಣ ತೆಗೆಯಲು ಮೊದಲು ಅದನ್ನೇ ತಿಕ್ಕಿ, ಆಮೇಲೆ ಸೋಪು.

ಮೊದಲ ಮುಖಚಿತ್ರ ಯಾವ ಕ್ರಮದಲ್ಲಿ ಮಾಡಲಿ?

ನಾನು ಮಾಡುವ ಕ್ರಮ ಹೇಳುತ್ತೇನೆ. ಇದೊಂದೇ ದಾರಿ ಅಂತಲ್ಲ.

ಬಿಳಿ ಕ್ಯಾನ್ವಾಸ್ ಮೇಲೆ ನೇರ ಶುರು ಮಾಡುವುದಿಲ್ಲ. ಬಿಳಿಯ ಪಕ್ಕ ಯಾವ ಬಣ್ಣ ಇಟ್ಟರೂ ಕಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಹಿಂದಿನ ದಿನ ಅಂಬರನ್ನು ಟರ್ಪಂಟೈನಿನಲ್ಲಿ ಚಹಾದಷ್ಟು ತೆಳು ಮಾಡಿ ಇಡೀ ಕ್ಯಾನ್ವಾಸಿಗೆ ಹಚ್ಚಿ, ಬಟ್ಟೆಯಿಂದ ಒರೆಸಿ ಬಿಡುತ್ತೇನೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. 12 ಇಂಚು 16 ಇಂಚಿನ ಅಳತೆ ಒಳ್ಳೆಯದು, ತಲೆ ಅಸಲಿಗಿಂತ ಸ್ವಲ್ಪ ಚಿಕ್ಕದಾಗಿ ಕೂರುತ್ತದೆ.

ಮರುದಿನ ಅದೇ ಅಂಬರಿನಲ್ಲಿ ತಲೆಯ ಹೊರ ಆಕಾರ, ಕಣ್ಣಿನ ಗೆರೆ, ಮೂಗಿನ ಬುಡ, ಬಾಯಿಯ ಗೆರೆ. ಅಷ್ಟೇ. ಕಣ್ಣು ಬಿಡಿಸಬೇಡಿ. ಈಗ ಕಣ್ಣು ಕಿರಿದು ಮಾಡಿ, ಅರ್ಧ ಮುಚ್ಚಿದ ಹಾಗೆ, ಎದುರಿನವರನ್ನು ನೋಡಿ. ಮೂಗು, ಕಣ್ಣು ಎಲ್ಲ ಮಾಯವಾಗಿ ಎರಡೇ ಉಳಿಯುತ್ತವೆ: ಬೆಳಕಿನ ತುಂಡು, ನೆರಳಿನ ತುಂಡು. ಕಣ್ಣಿನ ಗುಳಿಯ ನೆರಳು ಮೂಗಿನ ಪಕ್ಕಕ್ಕೆ ಇಳಿದು, ಮೇಲ್ತುಟಿ ದಾಟಿ, ಗಲ್ಲದ ಕೆಳಗಿನ ನೆರಳಿಗೆ ಸೇರಿ, ಕೆಲವೊಮ್ಮೆ ಇಡೀ ಒಂದು ನಕ್ಷೆಯ ಹಾಗೆ ಇರುತ್ತದೆ. ಆ ನಕ್ಷೆಯನ್ನು ಬಿಡಿಸಿ, ಅದೇ ಅಂಬರಿನಲ್ಲಿ ಒಂದೇ ಮಟ್ಟಕ್ಕೆ ತುಂಬಿ. ಇಲ್ಲಿಗೇ, ಕಣ್ಣೂ ಇಲ್ಲದೆ ಬಾಯಿಯೂ ಇಲ್ಲದೆ, ಪಕ್ಕದ ಮನೆಯವರು ಬಂದು "ಇದು ನಿಮ್ಮ ಮಾವ ಅಲ್ವಾ" ಅನ್ನಬೇಕು. ಅನ್ನದಿದ್ದರೆ ಮುಂದೆ ಹೋಗಬೇಡಿ. ಒರೆಸಿ ಮತ್ತೆ ಬಿಡಿಸಿ. ಈ ಹಂತದಲ್ಲಿ ಒರೆಸುವುದು ಐದು ನಿಮಿಷದ ಕೆಲಸ, ಬಣ್ಣ ಹಚ್ಚಿದ ಮೇಲೆ ಕಣ್ಣನ್ನು ಅರ್ಧ ಇಂಚು ಕೆಳಗೆ ತರುವುದು ಐದು ಭಾನುವಾರದ ಕೆಲಸ.

ಯಕ್ಷಗಾನದ ಮುಖವರ್ಣಿಕೆ ನೋಡಿ ಬೆಳೆದ ನಮಗೆ ಇದು ಸ್ವಲ್ಪ ಕಷ್ಟ ಅಂತ ನನಗೆ ಅನಿಸುತ್ತದೆ. ಅಲ್ಲಿ ಕಣ್ಣು ಅಂದರೆ ಗೆರೆ, ಹುಬ್ಬು ಅಂದರೆ ಗೆರೆ, ದೂರದಲ್ಲಿ ಕೂತವನಿಗೂ ಕಾಣಬೇಕು. ಇಲ್ಲಿ ಗೆರೆಯೇ ಇಲ್ಲ, ಒಂದು ಮಟ್ಟ ಮುಗಿದು ಇನ್ನೊಂದು ಶುರುವಾಗುವ ಅಂಚು ಮಾತ್ರ.

ಆಮೇಲೆ ಬಣ್ಣ. ಪ್ಯಾಲೆಟಿನಲ್ಲಿ ಮೊದಲೇ ನಾಲ್ಕು ಗುಡ್ಡೆ ಕಲಸಿಡಿ: ನೆರಳು, ಅರೆನೆರಳು, ನಡು, ಬೆಳಕು. ಕ್ಯಾನ್ವಾಸ್ ಮೇಲೆ ಕಲಸುತ್ತಾ ಕೂತರೆ ಎಲ್ಲ ಸೇರಿ ಕೆಸರಾಗುತ್ತದೆ. ದೊಡ್ಡ ಬ್ರಷ್ಷಿನಲ್ಲಿ ಕತ್ತಲಿನಿಂದ ಬೆಳಕಿಗೆ ಹೋಗಿ, ಒಂದೊಂದು ತುಂಡನ್ನು ಇಟ್ಟು ಬಿಡಿ, ತಿಕ್ಕಬೇಡಿ. ಹೊಸಬರ ಚಿತ್ರ ಮೇಣದ ಗೊಂಬೆ ಹಾಗೆ ಕಾಣುವುದು ಎಲ್ಲ ಅಂಚನ್ನೂ ಒಣ ಬ್ರಷ್ಷಿನಿಂದ ಸವರಿ ನುಣುಪು ಮಾಡುವುದರಿಂದ. ಮೂಳೆ ಮೇಲೆ ಬಿದ್ದ ನೆರಳಿನ ಅಂಚು ಚೂಪಾಗಿಯೇ ಇರಲಿ, ಕೆನ್ನೆಯ ತಿರುವಿನಲ್ಲಿ ಮಾತ್ರ ಮೆತ್ತಗೆ ಮಾಡಿ.

ಹೊಳಪಿನ ಚುಕ್ಕೆ ಕೊನೆಗೆ. ಮೂಗಿನ ತುದಿ, ಕಣ್ಣು, ಕೆಳತುಟಿ. ಮೂರೋ ನಾಲ್ಕೋ. ಇಟ್ಟು ಎದ್ದು ಹೋಗಿ ಕಾಫಿ ಕುಡಿಯಿರಿ.

ಹೋಲಿಕೆ ಬರುತ್ತಿಲ್ಲ, ಎಲ್ಲಿ ತಪ್ಪಿದೆ ಅಂತಲೂ ಗೊತ್ತಾಗುತ್ತಿಲ್ಲ.

ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ವಾಲಿದ ಕಣ್ಣು ತಕ್ಷಣ ಸಿಕ್ಕಿಬೀಳುತ್ತದೆ. ತಲೆಕೆಳಗು ಇಟ್ಟೂ ನೋಡಿ. ಹೆಚ್ಚಾಗಿ ತಪ್ಪು ಇರುವುದು ನೀವು ಹುಡುಕುವ ಕಣ್ಣಿನಲ್ಲಲ್ಲ, ಮೂಗು ಮತ್ತು ಮೇಲ್ತುಟಿಯ ನಡುವಿನ ದೂರದಲ್ಲಿ, ಅಥವಾ ಒಟ್ಟು ತಲೆಯ ಆಕಾರದಲ್ಲಿ. ಅರ್ಧ ಗಂಟೆಗೊಮ್ಮೆ ಐದಾರು ಹೆಜ್ಜೆ ಹಿಂದೆ ಹೋಗುವ ಅಭ್ಯಾಸ ಇಟ್ಟುಕೊಳ್ಳಿ. ಮೂಗಿಗೆ ಮೂಗು ತಾಗಿಸಿ ಕೂತರೆ ಬೇಕಾದ್ದು ಕಾಣುವುದಿಲ್ಲ.

ಫೋಟೋ ಮೇಲೆ ಚೌಕ ಎಳೆದು, ಗ್ರಿಡ್ ಹಾಕಿ ಮಾಡಿದರೆ ಮೋಸವಾ?

ಅಲ್ಲ ಮಾರಾಯ್ರೆ. ಆದರೆ ಬರೀ ಗ್ರಿಡ್ಡಿನಲ್ಲೇ ಇದ್ದರೆ ಎದುರು ಮನುಷ್ಯ ಕೂತಾಗ ಕೈ ಕಟ್ಟಿದ ಹಾಗಾಗುತ್ತದೆ. ಅವರ ಮುಖದ ಮೇಲೆ ಚೌಕ ಎಳೆಯಲಿಕ್ಕೆ ಆಗುವುದಿಲ್ಲ.

ಫೋಟೋ ನೋಡಿ ಮಾಡುವುದಾ, ಎದುರು ಕೂರಿಸಿಯಾ?

ಎರಡೂ. ಆದರೆ ಎದುರು ಕೂರಿಸಿ ಒಂದು ಮಾಡಿದರೆ ಫೋಟೋ ನೋಡಿ ಹತ್ತು ಮಾಡಿದಷ್ಟು ಕಲಿಯುತ್ತೀರಿ. ಫೋಟೋದಲ್ಲಿ ನೆರಳು ಬರೀ ಕಪ್ಪು, ಬೆಳಕು ಬರೀ ಬಿಳಿ. ಕಣ್ಣಿಗೆ ಆ ಕಪ್ಪಿನೊಳಗೂ ಬಣ್ಣ ಕಾಣುತ್ತದೆ.

ಕೂರುವವರು ಸಿಗುವುದಿಲ್ಲ ಅನ್ನುತ್ತೀರಿ. ಮನೆಯ ಹಿರಿಯರನ್ನು ಹಿಡಿಯಿರಿ. ನಮ್ಮ ಅಜ್ಜ ಬೆಳಿಗ್ಗೆ ಉದಯವಾಣಿ ಹಿಡಿದರೆ ಮುಕ್ಕಾಲು ಗಂಟೆ ಅಲುಗಾಡುತ್ತಿರಲಿಲ್ಲ, ಮರಣದ ಸುದ್ದಿಯ ಪುಟ ಬಂದಾಗ ಮಾತ್ರ ಮುಖ ಸ್ವಲ್ಪ ಬದಲಾಗುತ್ತಿತ್ತು. ಬೇರೆಯವರಾದರೆ 20 ನಿಮಿಷಕ್ಕೊಮ್ಮೆ ಬಿಡುವು ಕೊಡಿ. ಕುರ್ಚಿಯ ಕಾಲು ಇದ್ದ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸಿ, ಇಲ್ಲದಿದ್ದರೆ ಎದ್ದು ಬಂದವರು ಮತ್ತೆ ಅದೇ ಕೋನಕ್ಕೆ ಕೂರುವುದಿಲ್ಲ. ಟಿವಿ ಹಾಕಬೇಡಿ, ಮುಖದ ಮೇಲಿನ ಬಣ್ಣ ಸೆಕೆಂಡಿಗೊಮ್ಮೆ ಬದಲಾಗುತ್ತದೆ.

ಫೋಟೋವೇ ಬೇಕಾದರೆ ನೀವೇ ತೆಗೆಯಿರಿ. ಎರಡು ಮೀಟರ್ ದೂರ ನಿಂತು ಸ್ವಲ್ಪ ಝೂಮ್ ಮಾಡಿ. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಓಡಿಹೋಗುತ್ತದೆ, ಸೆಲ್ಫಿ ನೋಡಿ ಬಿಡಿಸಿದ ಚಿತ್ರ ಯಾರ ಹಾಗೂ ಕಾಣದಿರಲು ಇದೇ ಕಾರಣ. ಫ್ಲ್ಯಾಶ್ ಬೇಡ. ಬ್ಯೂಟಿ ಮೋಡ್ ಆಫ್ ಮಾಡಿ, ಅದು ನಮಗೆ ಬೇಕಾದ ನೆರಳನ್ನೇ ಅಳಿಸಿ ಹಾಕುತ್ತದೆ.

ಉತ್ತರದ ಕಿಟಕಿಯೇ ಬೇಕು ಅನ್ನುತ್ತಾರೆ, ಹೌದಾ?

ಯುರೋಪಿನಲ್ಲಿ ಹೌದು. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ತಿರುಗುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ಅಪರೂಪ, ದಿನವಿಡೀ ಒಂದೇ ತರಹದ ಬೆಳಕು. ನಾವಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳಲ್ಲಿ ಪುಸ್ತಕ ಓದಿ ಉತ್ತರದ ಕಿಟಕಿ ಪಕ್ಕ ಈಸೆಲ್ ಇಟ್ಟು, ಕ್ಯಾನ್ವಾಸ್ ಮೇಲೆ ಬಿಸಿಲು ಬಿದ್ದಾಗ ನಾನು ತಲೆ ಕೆರೆದುಕೊಂಡಿದ್ದೇನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಯೇ ವಾಸಿ. ಉಳಿದ ಕಾಲಕ್ಕೆ ಉತ್ತರ ಸರಿ.

ಹಂಚಿನ ಮನೆ ಇದ್ದವರು ಪುಣ್ಯವಂತರು. ನಡುವೆ ಒಂದೆರಡು ಗಾಜಿನ ಹಂಚು ಇರುತ್ತದಲ್ಲ, ಅದರ ಕೆಳಗೆ ಸ್ವಲ್ಪ ಹಿಂದಕ್ಕೆ ಒಬ್ಬರನ್ನು ಕೂರಿಸಿ ಉಳಿದ ಕಿಟಕಿ ಮುಚ್ಚಿ ನೋಡಿ. ಮೇಲಿನಿಂದ ಒಂದೇ ಕಡೆಯ ಬೆಳಕು, ಕಣ್ಣಿನ ಗುಳಿ, ಮೂಗಿನ ನೆರಳು ಎಲ್ಲ ಸ್ಪಷ್ಟ. ಹಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ್ದು 1865ರಲ್ಲಿ, ಅವರಿಗೆ ಸ್ಟುಡಿಯೋ ಕಟ್ಟುವ ಯೋಚನೆ ಖಂಡಿತ ಇರಲಿಲ್ಲ.

ರಾತ್ರಿ ಕೂರುವವರು 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಇದು ಹಗಲಿನ ಬಿಳಿ) ಆಸುಪಾಸಿನ, ಸಿಆರ್‌ಐ (ಬಣ್ಣ ಎಷ್ಟು ಅಸಲಿನ ಹಾಗೆ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿನ ಎಲ್‌ಇಡಿ ಹಾಕಿ. ಕೂತವರ ಮೇಲೂ ಕ್ಯಾನ್ವಾಸ್ ಮೇಲೂ ಒಂದೇ ತರಹದ ಬೆಳಕು ಇರಲಿ.

ಕಣ್ಣು, ಹಲ್ಲು, ಬೊಟ್ಟು, ಚಿನ್ನ?

ಕಣ್ಣಿನ ಬಿಳಿ ಬಿಳಿಯಲ್ಲ. ಬೂದು, ಅದರಲ್ಲೂ ಮೇಲಿನ ರೆಪ್ಪೆಯ ನೆರಳು ಬಿದ್ದ ಬೂದು. ಬಿಳಿ ಹಾಕಿದರೆ ಭೂತ ಕಂಡ ಹಾಗೆ ಕಾಣುತ್ತಾರೆ. ಹಲ್ಲಿಗೂ ಅದೇ ಮಾತು, ಮತ್ತು ಒಂದೊಂದು ಹಲ್ಲಿನ ನಡುವೆ ಗೆರೆ ಎಳೆಯಬೇಡಿ. ಮೊದಲ ಹತ್ತು ಚಿತ್ರ ಬಾಯಿ ಮುಚ್ಚಿಸಿಯೇ ಮಾಡಿ.

ಬೊಟ್ಟು ನನಗೆ ಇಷ್ಟದ ಜಾಗ. ಟ್ಯೂಬಿನಿಂದ ತೆಗೆದ ಕೆಂಪನ್ನು ಹಾಗೆಯೇ ಇಡಬಹುದಾದ ಒಂದೇ ಒಂದು ಜಾಗ ಅದು. ಆದರೆ ಹಣೆ ತಿರುಗಿದ ಕಡೆಗೆ ಬೊಟ್ಟೂ ತಿರುಗಬೇಕು, ಮುಖ ಪಕ್ಕಕ್ಕೆ ಇದ್ದರೆ ಅದು ದುಂಡಗೆ ಇರುವುದಿಲ್ಲ, ನೆರಳಿನ ಕಡೆ ಕಪ್ಪಾಗುತ್ತದೆ. ಅಂಟಿಸಿದ ಸ್ಟಿಕರ್ ಹಾಗೆ ಕಂಡರೆ ಇಡೀ ಹಣೆ ಚಪ್ಪಟೆಯಾಯಿತು ಅಂತ ಲೆಕ್ಕ.

ಚಿನ್ನಕ್ಕೆ ಗೋಲ್ಡ್ ಬಣ್ಣ ಬೇಡವೇ ಬೇಡ. ಹೆಚ್ಚಿನ ಭಾಗ ಅಂಬರ್, ಸ್ವಲ್ಪ ಓಕರ್, ಒಂದೆರಡು ಕಡೆ ಬಿಳಿ ಹಳದಿಯ ಚುಕ್ಕೆ. ಕಪ್ಪು ಜಾಸ್ತಿ ಇದ್ದಷ್ಟೂ ಚಿನ್ನ ಹೊಳೆಯುತ್ತದೆ.

ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ. ಏನು ಮಾಡಲಿ?

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆಯೇ ಒಣಗದ ಮೇಲೆ ಬಣ್ಣ ಎಲ್ಲಿ ಒಣಗುತ್ತದೆ? ನಾನು ಮಳೆಗಾಲದಲ್ಲಿ ಎರಡು ಮೂರು ಚಿತ್ರ ಒಟ್ಟಿಗೆ ಶುರು ಮಾಡುತ್ತೇನೆ, ಒಂದು ಒಣಗುವಾಗ ಇನ್ನೊಂದರ ಕೆಲಸ. ತೆಳುವಾಗಿ ಹಚ್ಚಿ. ಬಣ್ಣ ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಸ್ವಲ್ಪ ಬೆರೆಸಿದರೆ ಒಂದೆರಡು ದಿನದಲ್ಲಿ ಕೈಗೆ ಅಂಟುವುದು ನಿಲ್ಲುತ್ತದೆ. ಟೈಟಾನಿಯಂ ವೈಟ್, ಐವರಿ ಬ್ಲ್ಯಾಕ್, ಕ್ಯಾಡ್ಮಿಯಂಗಳು ಮೊದಲೇ ನಿಧಾನದ ಜಾತಿ. ಅವನ್ನು ಕೆಳಗಿನ ಪದರದಲ್ಲಿ ದಪ್ಪ ಹಾಕಬೇಡಿ.

ಒದ್ದೆ ಚಿತ್ರವನ್ನು ಕಪಾಟಿನೊಳಗೆ ಇಡಬೇಡಿ. ಕತ್ತಲಲ್ಲಿ ಲಿನ್ಸೀಡ್ ಹಳದಿಯಾಗುತ್ತದೆ. ಆಗಿಬಿಟ್ಟರೆ ಗಾಬರಿ ಬೇಡ, ಒಣಗಿದ ಮೇಲೆ ಕೆಲವು ವಾರ ಬೆಳಕಿರುವ ಕೋಣೆಯಲ್ಲಿ ಇಟ್ಟರೆ ಬಹುಪಾಲು ಹೋಗುತ್ತದೆ. ಗೋಡೆಗೆ ಒತ್ತಿ ತೂಗುಹಾಕಬೇಡಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಡಿಮೆ. ತೇವಕ್ಕೆ ಕ್ಯಾನ್ವಾಸ್ ಸಡಿಲವಾದರೆ ಹಿಂದಿನ ಮೂಲೆಗಳ ಮರದ ಬೆಣೆಯನ್ನು ಮೆಲ್ಲಗೆ ಬಡಿಯಿರಿ.

ಮೊದಲ ಮಳೆಗೆ ದೀಪಕ್ಕೆ ಮುತ್ತುವ ಹಾತೆಗಳು ಹಸಿ ಬಣ್ಣಕ್ಕೆ ಅಂಟಿಕೊಂಡರೆ ಆಗಲೇ ಕೀಳಲು ಹೋಗಬೇಡಿ. ಬಣ್ಣ ಒಣಗಿದ ಮೇಲೆ ಒಣ ಬ್ರಷ್ಷಿನಿಂದ ಉದುರಿಸಿದರೆ ಹೋಗುತ್ತವೆ. ನನ್ನ ಅಜ್ಜಿಯ ಸೆರಗಿನಲ್ಲಿ ಒಂದು ರೆಕ್ಕೆ ಈಗಲೂ ಉಂಟು, ಬೇಕೆಂದೇ ಬಿಟ್ಟಿದ್ದೇನೆ.

ಕೆಲವರ ಚಿತ್ರ ಬಿರುಕು ಬಿಡುವುದು ಯಾಕೆ?

ಕೆಳಗೆ ಎಣ್ಣೆ ಜಾಸ್ತಿ, ಮೇಲೆ ಕಡಿಮೆ ಆದರೆ ಬಿಡುತ್ತದೆ. ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ ಇರುತ್ತದೆ. ಹಾಗಾಗಿ ಮೊದಲ ಪದರಕ್ಕೆ ಟರ್ಪಂಟೈನ್, ನಡುವಿನದಕ್ಕೆ ಟ್ಯೂಬಿನ ಬಣ್ಣ ಹಾಗೆಯೇ, ಕೊನೆಯದಕ್ಕೆ ಸ್ವಲ್ಪ ಎಣ್ಣೆ. ಆಯಿಲ್ ಮೇಲೆ ಅಕ್ರಿಲಿಕ್ ಹಚ್ಚುವ ಸಾಹಸವೂ ಬೇಡ, ಅದು ಹಿಡಿದು ನಿಲ್ಲುವುದಿಲ್ಲ.

ವಾಸನೆಗೆ ಮನೆಯವರು ಬೈಯುತ್ತಾರೆ. ಆರೋಗ್ಯಕ್ಕೆ ತೊಂದರೆ ಇದೆಯಾ?

ವಾಸನೆ ಬಣ್ಣದ್ದಲ್ಲ, ಟರ್ಪಂಟೈನಿನದ್ದು. ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ, ಬಾಟಲಿಗೆ ಬಿರಡೆ ಹಾಕಿಯೇ ಇಡಿ. ಮೊದಲ ತೆಳು ಪದರ ಬಿಟ್ಟರೆ ಅದು ಬೇಕಾಗುವುದೂ ಕಡಿಮೆ. ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಹತ್ತಿರ ತರಬೇಡಿ. ಬಣ್ಣ ಹಿಡಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ, ಬ್ರಷ್ ಬಾಯಲ್ಲಿ ಕಚ್ಚಬೇಡಿ, ಒಣಗಿದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಬೇಡಿ. ಕ್ಯಾಡ್ಮಿಯಂ ಧೂಳು ಒಳಗೆ ಹೋಗುವುದು ಒಳ್ಳೆಯದಲ್ಲ.

ಆದರೆ ನಿಜವಾದ ಅಪಾಯ ಬಟ್ಟೆ ಚಿಂದಿ. ಲಿನ್ಸೀಡ್ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹಿಡಿಯಬಹುದು. ಇದು ಹೆದರಿಸಲು ಹೇಳುವ ಮಾತಲ್ಲ. ಬಟ್ಟೆಯನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿಡಿ, ಅಥವಾ ಹೊರಗೆ ನೆಲದ ಮೇಲೆ ಒಂದೇ ಪದರವಾಗಿ ಹರಡಿ ಒಣಗಿಸಿ.

ಉಳಿದ ಬಣ್ಣ, ಬ್ರಷ್?

ಬಣ್ಣವನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಫ್ರೀಝರಿನಲ್ಲಿ ಇಟ್ಟರೆ ಕೆಲವು ದಿನ ಬರುತ್ತದೆ. ಮನೆಯವರ ಒಪ್ಪಿಗೆ ಕೇಳಿ, ಡಬ್ಬಿಗೆ ಚೀಟಿ ಅಂಟಿಸಿ. ನಮ್ಮ ಮನೆಯಲ್ಲಿ ಒಮ್ಮೆ ಹುಣಸೆ ರಸ ಅಂತ ತೆರೆದಿದ್ದಾರೆ. ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಟರ್ಪಂಟೈನಿನಲ್ಲಿ ಅದ್ದಿ, ಬಾರ್ ಸೋಪಿನಲ್ಲಿ ನೊರೆ ಬಿಳಿಯಾಗುವವರೆಗೆ ತೊಳೆಯಿರಿ.

ತೀರಿಹೋದ ಅಜ್ಜನ ಒಂದೇ ಒಂದು ಹಳೆಯ ಫೋಟೋ ಉಂಟು, ಅದೂ ಪಾಸ್‌ಪೋರ್ಟ್ ಸೈಜ್. ಅದರಿಂದ ಮಾಡಬಹುದಾ?

ಮಾಡಬಹುದು, ಆದರೆ ಮೊದಲ ಚಿತ್ರವಾಗಿ ಇದನ್ನು ಹಿಡಿಯಬೇಡಿ. ಎಲ್ಲರೂ ಹಿಡಿಯುವುದು ಇದನ್ನೇ. ಮನಸ್ಸು ಭಾರ ಇರುತ್ತದೆ, ಕೈ ಹೊಸತು, ಫೋಟೋದಲ್ಲಿ ಮಾಹಿತಿ ಇಲ್ಲ. ಮೂರೂ ಸೇರಿದರೆ ಚಿತ್ರ ಕೆಡುತ್ತದೆ.

ಆಮೇಲೆ ಮಾಡುವಾಗ ಒಂದು ಉಪಾಯ. ಅಜ್ಜನ ಮಗನನ್ನೋ ಮೊಮ್ಮಗನನ್ನೋ ಫೋಟೋದ ಬೆಳಕಿನ ದಿಕ್ಕಿಗೇ ಕೂರಿಸಿ. ಫೋಟೋದಿಂದ ಅಳತೆ ಮತ್ತು ನೆರಳಿನ ಆಕಾರ, ಎದುರು ಕೂತವರಿಂದ ಚರ್ಮದ ಬಣ್ಣ, ಕಿವಿ, ಕುತ್ತಿಗೆ. ಕಿವಿ ಮನೆತನದಲ್ಲಿ ಹರಿದು ಬರುವುದು ನೋಡಿದರೆ ಆಶ್ಚರ್ಯವಾಗುತ್ತದೆ. ಫೋಟೋದಲ್ಲಿ ಕಾಣದ್ದನ್ನು ಸೃಷ್ಟಿಸಬೇಡಿ, ಆ ಭಾಗವನ್ನು ನೆರಳಿನಲ್ಲೇ ಬಿಟ್ಟುಬಿಡಿ. ಮಾಡಿ ಮುಗಿದ ಮೇಲೆ ಅಜ್ಜಿಗೆ ತೋರಿಸಿ. ಅವರು "ಇವರ ಬಾಯಿ ಹೀಗಿರಲಿಲ್ಲ" ಅಂದರೆ ವಾದ ಮಾಡದೆ ತಿದ್ದಿ.

ಹೂಮಾಲೆ ಹಾಕುವ ಚಿತ್ರವಾದರೆ ಮಾಲೆ ಬಣ್ಣಕ್ಕೆ ತಾಗದ ಹಾಗೆ ಮೊಳೆ ಸ್ವಲ್ಪ ಮುಂದಕ್ಕೆ ಹೊಡೆಯಿರಿ. ಹಸಿ ಹೂವಿನ ನೀರು ಕ್ಯಾನ್ವಾಸ್ ಮೇಲೆ ಇಳಿಯಬಾರದು. ಊದುಬತ್ತಿ ನೇರ ಕೆಳಗೆ ಬೇಡ.

ಗುರು ಇಲ್ಲದೆ ಕಲಿಯಬಹುದಾ? ನೋಡಿ ಕಲಿಯಲು ಊರಲ್ಲಿ ಏನುಂಟು?

ರಾಜಾ ರವಿವರ್ಮ (1848–1906) ತಿರುವಾಂಕೂರಿನ ಅರಮನೆಗೆ ಬಂದಿದ್ದ ಥಿಯೊಡೋರ್ ಜೆನ್ಸನ್ ಅನ್ನುವ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಆಯಿಲಿನ ಬಹುಪಾಲು ಕಲಿತರು ಅಂತಾರೆ. ಜೆನ್ಸನ್ ಕೂರಿಸಿ ಪಾಠ ಹೇಳಿದ್ದಲ್ಲ. ಆದರೆ ನಾವು ರವಿವರ್ಮ ಅಲ್ಲ, ತಪ್ಪು ತೋರಿಸುವವರು ಒಬ್ಬರು ಸಿಕ್ಕರೆ ಎರಡು ವರ್ಷ ಉಳಿಯುತ್ತದೆ.

ಮಂಗಳೂರಿನವರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಎಷ್ಟು ಸಲ ಹೋಗಿರುತ್ತೀರೋ, ಇನ್ನೊಮ್ಮೆ ಬಣ್ಣದ ಕಣ್ಣಿಟ್ಟು ಹೋಗಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷಗಳಲ್ಲಿ ಅದನ್ನು ತುಂಬಿದ್ದು. ಅಲ್ಲಿ ಹಸಿ ಗಾರೆಯ ಮೇಲೆ ಮಾಡಿದ ಫ್ರೆಸ್ಕೊವೂ ಉಂಟು, ಕ್ಯಾನ್ವಾಸ್ ಮೇಲಿನ ಆಯಿಲೂ ಉಂಟು. ಎರಡರ ನೆರಳನ್ನು ಹೋಲಿಸಿ ನೋಡಿ, ಆಯಿಲಿನ ಕಪ್ಪಿಗೆ ಇರುವ ಆಳ ಫ್ರೆಸ್ಕೊಗೆ ಬರುವುದಿಲ್ಲ.

ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆ. ರವಿವರ್ಮರ ಅಸಲು ಚಿತ್ರಗಳನ್ನು ಹತ್ತಿರದಿಂದ ನೋಡಿ, ಕ್ಯಾಲೆಂಡರಿನ ನುಣುಪು ಅಲ್ಲಿಲ್ಲ. ಅಲ್ಲೇ ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರವೂ ಇದೆ. ಅದು ರವಿವರ್ಮರದ್ದಲ್ಲ, ಎಸ್.ಎಲ್. ಹಲ್ದಂಕರ್ ಅವರದ್ದು, ಮತ್ತು ಅದು ಆಯಿಲೇ ಅಲ್ಲ, ಜಲವರ್ಣ! ಬೆಳಕು ನೆರಳು ಗೊತ್ತಿದ್ದವರ ಕೈಯಲ್ಲಿ ನೀರಿನ ಬಣ್ಣವೂ ಅಷ್ಟು ಹೊಳೆಯುತ್ತದೆ.

ವಾರ್ನಿಶ್ ಯಾವಾಗ? ಗಾಜು ಹಾಕಬೇಕಾ?

ಮುಟ್ಟಿದಾಗ ಒಣಗಿದ ಹಾಗಿದ್ದರೂ ಒಳಗೆ ಹಸಿ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ನಮ್ಮಲ್ಲಿ ನಾನು ಒಂದು ಮಳೆಗಾಲ ಕಳೆದು, ಜನವರಿ ಫೆಬ್ರವರಿಯ ಒಣ ದಿನ ನೋಡಿ ಹಚ್ಚುತ್ತೇನೆ. ಪೀಠೋಪಕರಣದ ವಾರ್ನಿಶ್ ಬೇಡ, ಅದು ಹಳದಿಯಾಗುತ್ತದೆ, ಆಮೇಲೆ ತೆಗೆಯಲೂ ಆಗುವುದಿಲ್ಲ. ಗಾಜು ಬೇಕಾಗಿಲ್ಲ. ಹಾಕಲೇಬೇಕೆಂದರೆ ಬಣ್ಣಕ್ಕೆ ತಾಗದ ಹಾಗೆ ಅಂತರ ಬಿಟ್ಟು ಹಾಕಿಸಿ.

ಚಿತ್ರವನ್ನು ದುಬೈಯಲ್ಲಿರುವ ತಮ್ಮನಿಗೆ ಕಳಿಸಬೇಕು. ಹೇಗೆ?

ಪೂರ್ತಿ ಒಣಗಿದ್ದರೆ ಮಾತ್ರ ಫ್ರೇಮಿನಿಂದ ಬಿಚ್ಚಿ ಸುತ್ತಿ. ಎಲ್ಲರೂ ಬಣ್ಣ ಒಳಗೆ ಬರುವ ಹಾಗೆ ಸುತ್ತುತ್ತಾರೆ, ಅದು ತಪ್ಪು. ಬಣ್ಣದ ಮೈ ಹೊರಗೆ ಬರಬೇಕು. ಒಳಗೆ ಬಂದರೆ ಬಣ್ಣ ಒತ್ತಿ ಸುಕ್ಕಾಗಿ ಎದ್ದುಬರುತ್ತದೆ. ಮೇಲೆ ಬಟರ್ ಪೇಪರ್, ದಪ್ಪ ಕೊಳವೆಯ ಮೇಲೆ ಸಡಿಲವಾಗಿ ಸುತ್ತಿ, ಇನ್ನೊಂದು ದೊಡ್ಡ ಕೊಳವೆಯೊಳಗೆ. ಹಾರ್ಡ್‌ಬೋರ್ಡ್ ಮೇಲಿನದ್ದಾದರೆ ಸುತ್ತುವ ಮಾತೇ ಇಲ್ಲ, ಯಾರಾದರೂ ಬಜ್ಪೆ ವಿಮಾನ ನಿಲ್ದಾಣದಿಂದ ಹೊರಡುವವರ ಪೆಟ್ಟಿಗೆಯಲ್ಲಿ, ಉಪ್ಪಿನಕಾಯಿ ಡಬ್ಬಿಯಿಂದ ದೂರ, ಬಟ್ಟೆಗಳ ನಡುವೆ ಇಟ್ಟು ಕಳಿಸಿ.